ಗುಬ್ಬಿ ಮೇಡಂ ಮತ್ತು ಅಂಚಿನ ಬೂಷ್ಟು

ಬಾಗಿಲು ದಬ್ಬೆಂದರೆ ಬೆಚ್ಚಿಬೀಳುವವರು ಎಲ್ಲ ಕಡೆಯೂ ಇದ್ದಾರೆ. ಬಾಗಿಲು ಇನ್ನೂ ಯಾಕೆ ದಬ್ಬೆನ್ನಲಿಲ್ಲ ಎಂದು ಬೆಚ್ಚುವವರು ಅಪರೂಪ. ಸಸ್ಯರೋಗ ವಿಭಾಗದ ಗುಬ್ಬಿ ಮೇಡಂ ಈ ಎರಡನೆಯ ಪಂಗಡದವಳು. ಗುಬ್ಬಿ ಎಂದು ಹೆಸರಿಟ್ಟವರು ಅವಳ ವಿದ್ಯಾರ್ಥಿಗಳು. ಪಾಠ ಹೇಳುವಾಗ ಹಿಂದಿನ ಬೆಂಚಿನಲ್ಲಿ ಯಾರಾದರೂ ಸೀನಿದರೆ ಸಾಕು, ಸೀಮೆಸುಣ್ಣ ನೆಲದ ಮೇಲೆ, ಮೇಡಂ ಕಿಟಕಿಯ ಹತ್ತಿರ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಸಿಟ್ಟು ಬರಬೇಕಾದ ಜಾಗದಲ್ಲಿ ಅವಳಿಗೆ ಬಂದದ್ದು ಸಮಾಧಾನ: ಸದ್ಯ, ಇದಕ್ಕಿಂತ ಕೆಟ್ಟದ್ದೇನೂ ಇಡಲಿಲ್ಲವಲ್ಲ!

ಭಯವೂ ವಿದ್ಯೆಯ ಹಾಗೆಯೇ, ಮನೆಯಿಂದಲೇ ಶುರುವಾಗುತ್ತದೆ. ಅವಳ ಅಮ್ಮ ಹೊಲಿಗೆ ಯಂತ್ರ ತುಳಿಯುತ್ತ ಹೇಳಿಕೊಟ್ಟ ಜೀವನಸಾರ ಒಂದೇ. "ಮೆಲ್ಲಗೆ ಮಾತಾಡೇ, ಯಾರಾದ್ರೂ ಕೇಳಿಸ್ಕೊಂಡಾರು." ಮಾತಾಡುವುದೇ ಯಾರಾದರೂ ಕೇಳಿಸಿಕೊಳ್ಳಲಿ ಎಂದಲ್ಲವೇ ಎಂದು ತಿರುಗಿ ಕೇಳುವ ಹುಡುಗಿ ಇವಳಾಗಿರಲಿಲ್ಲ. ಓದಿನಲ್ಲಿ ಮೊದಲನೆಯವಳು, ಕೂರುವುದರಲ್ಲಿ ಕೊನೆಯ ಬೆಂಚಿನವಳು. ಸಂಶೋಧನೆಗೆ ಸೇರಿದ ಹೊಸದರಲ್ಲಿ, ಸೂಕ್ಷ್ಮದರ್ಶಕದಡಿ ನೋಡುವ ಬೇರಿನ ತೆಳು ಸೀಳಿಗೆ ಬಣ್ಣ ಹಿಡಿಸುವ ಹೊಸ ಉಪಾಯವೊಂದನ್ನು ಕಂಡುಕೊಂಡು ಹಿರಿಯ ಸಹಪಾಠಿಯೊಬ್ಬನಿಗೆ ಸಂತೋಷದಿಂದ ತೋರಿಸಿದಳು. ಮುಂದಿನ ಸಮ್ಮೇಳನದಲ್ಲಿ ಅವನು ಅದನ್ನು ತನ್ನದೇ ಎಂದು ವೇದಿಕೆಯ ಮೇಲೆ ನಿಂತು ವಿವರಿಸಿದ. ಇವಳು ಕೆಳಗೆ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ತಟ್ಟದಿದ್ದರೆ ಜನ ಏನೆಂದುಕೊಂಡಾರು! ಅಂದಿನಿಂದ ಅವಳ ಭಯಕ್ಕೆ ಒಂದು ನಿಯಮ ಸೇರಿಕೊಂಡಿತು: ಕೇಳಿದವರಿಗೆ ಎಲ್ಲವನ್ನೂ ಹೇಳು, ಒಂದನ್ನು ಮಾತ್ರ ಬಚ್ಚಿಟ್ಟುಕೋ.

ಅವಳ ಕೆಲಸ ಬೂಷ್ಟಿನದು. ಎಳೆಯ ಸಸಿಗಳ ಬೇರನ್ನು ಕೊಳೆಸುವ ದುಷ್ಟ ಬೂಷ್ಟೊಂದಿದೆ. ಅದನ್ನು ತಿಂದುಹಾಕುವ ಇನ್ನೊಂದು ಬೂಷ್ಟನ್ನು ಅವಳು ಹಳೆಯ ಮರದ ಬುಡದಿಂದ ಹುಡುಕಿ ತೆಗೆದಿದ್ದಳು. ಮುಳ್ಳನ್ನು ಮುಳ್ಳಿಂದ ತೆಗೆಯುವ ಕಥೆ. ಆದರೆ ಈ ಮುಳ್ಳು ಮಹಾ ನಾಜೂಕಿನದು. ಶೀತದಲ್ಲಿಟ್ಟರೆ ಸಾಯುತ್ತದೆ, ಒಣಗಿಸಿಟ್ಟರೆ ಸಾಯುತ್ತದೆ. ಗಾಜಿನ ಪ್ಲೇಟಿನಲ್ಲಿ ಅದಕ್ಕಿಟ್ಟ ಅನ್ನ ತೀರುವ ಮುಂಚೆ ಸೂಜಿಯ ತುದಿಯಲ್ಲಿ ಒಂದು ಚೂರು ಎತ್ತಿ ಹೊಸ ಪ್ಲೇಟಿಗೆ ದಾಟಿಸಬೇಕು. ಹೀಗೆ ದಾಟಿಸುತ್ತ, ದಾಟಿಸುತ್ತ ಅವಳು ಅದನ್ನು ವರ್ಷಗಟ್ಟಲೆ ಬದುಕಿಸಿಕೊಂಡು ಬಂದಿದ್ದಳು. "ನನ್ನ ಸೊಸೆ ವಿಚಿತ್ರದವಳು," ಎಂದು ಅತ್ತೆ ನೆಂಟರ ಮುಂದೆ ಹೇಳುತ್ತಿದ್ದರು. "ಮನೇಲಿ ಬೂಷ್ಟು ಬಂದ್ರೆ ಕಿರುಚ್ತಾಳೆ, ಅಲ್ಲಿ ಬೂಷ್ಟು ಹೋದ್ರೆ ಅಳ್ತಾಳೆ."

ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸಮಿತಿಯ ಮುಂದೆ ಕೆಲಸ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು; ತೋರಿಸಲು ಅವಳ ಹತ್ತಿರ ಇದ್ದದ್ದು ಆ ಬೂಷ್ಟೊಂದೇ. ಅಷ್ಟರಲ್ಲಿ ಬಸುರಾದಳು. ಹೆರಿಗೆ ಆಯಿತು, ಹೆಣ್ಣುಮಗು ಬಂತು. ಹೊಟ್ಟೆಯ ಹೊಲಿಗೆ ಇನ್ನೂ ಮಾಗಿರಲಿಲ್ಲ. ಒಂದು ಬೆಳಿಗ್ಗೆ, ಗಂಡ ಔಷಧಿ ಅಂಗಡಿಯ ಬಾಗಿಲು ತೆರೆಯಲು ಹೋದ ತಕ್ಷಣ, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ "ಇಲ್ಲೇ ಹೋಗಿ ಬಂದೆ" ಎಂದು ಹೊರಟವಳು ಗೋಡೆ ಹಿಡಿದುಕೊಂಡು ಪ್ರಯೋಗಾಲಯದ ಮೆಟ್ಟಿಲು ಹತ್ತಿದಳು. ದೀಪ ಹಚ್ಚಿ, ಸೂಜಿ ಕಾಯಿಸಿ ಕೂತಿದ್ದಾಳೆ, ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು.

ಸುತ್ತಿಗೆ ಮೇಡಂ. ಆ ವಿಭಾಗದ ಏಕೈಕ ಹೆಂಗಸು ಪ್ರೊಫೆಸರ್. ಒಂದೊಂದು ಮಾತನ್ನೂ ಮೊಳೆ ಹೊಡೆದ ಹಾಗೆ ಹೊಡೆಯುತ್ತಿದ್ದರಾದ್ದರಿಂದ ಆ ಹೆಸರು.

"ಯಾವಾಗ ಹೆತ್ತದ್ದು?" ಎಂದರು.

"ಮೊನ್ನೆ ಮೊನ್ನೆ ಮೇಡಂ."

"ಮತ್ತೆ ಇಲ್ಲೇನು?"

"ದಾಟಿಸೋದಿತ್ತು ಮೇಡಂ. ಬಿಟ್ರೆ ಸತ್ತುಹೋಗುತ್ತೆ."

"ನೀನು ಸತ್ತುಹೋದ್ರೆ ಅದನ್ನ ಯಾರು ದಾಟಿಸ್ತಾರೆ? ಏಳು ಮೇಲೆ. ಯಾರನ್ನೂ ಕೇಳೋಕಾಗ್ಲಿಲ್ವಾ?"

ಕೇಳುವುದೆಂದರೆ ಗುಬ್ಬಿಗೆ ಬಾವಿಗೆ ಇಣುಕಿದಂತೆ. "ಅವರವರ ಕೆಲಸ ಇರುತ್ತಲ್ಲ ಮೇಡಂ, ತೊಂದರೆ ಯಾಕೆ ಅಂತ..."

"ನಾನೂ ಹೆತ್ತಿದ್ದೆ. ನಾನೂ ಯಾರಿಗೂ ತೊಂದರೆ ಕೊಡಲಿಲ್ಲ. ಇಡೀ ಒಂದು ಕೆಲಸ ಕಸದ ಬುಟ್ಟಿಗೆ ಹೋಯ್ತು, ಯಾರಿಗೂ ತೊಂದರೆ ಆಗಲಿಲ್ಲ," ಎಂದರು ಸುತ್ತಿಗೆ ಮೇಡಂ. ಆಮೇಲೆ ಕಾರಿಡಾರಿಗೆ ಹೋಗಿ ಕೂಗಿದರು. "ಲೇ ಉದ್ದಜಡೆ, ಬಾ ಇಲ್ಲಿ!"

ಉದ್ದಜಡೆ ಎಂದರೆ ಅವರ ಸಂಶೋಧನಾ ವಿದ್ಯಾರ್ಥಿನಿ, ಉತ್ಸಾಹದ ಬುಗ್ಗೆ. ಆ ಬೆಳಿಗ್ಗೆಯೇ ವ್ಯವಸ್ಥೆಯಾಯಿತು: ಗುಬ್ಬಿ ರಜೆ ಮುಗಿಸಿ ಬರುವವರೆಗೆ ಉದ್ದಜಡೆ ದಾಟಿಸಬೇಕು, ಸುತ್ತಿಗೆ ಮೇಡಂ ಅದರ ಮೇಲೆ ಕಣ್ಣಿಡಬೇಕು. ಗುಬ್ಬಿ ಕುರ್ಚಿಯಲ್ಲಿ ಕೂತೇ ಎಲ್ಲವನ್ನೂ ಹೇಳಿಕೊಟ್ಟಳು. ಸೂಜಿ ಎಷ್ಟು ಕಾಯಬೇಕು, ಎಷ್ಟು ಆರಬೇಕು, ಪ್ಲೇಟಿನ ಮುಚ್ಚಳ ಎಷ್ಟು ಎತ್ತಬೇಕು, ಉಸಿರು ಯಾವಾಗ ಬಿಗಿಹಿಡಿಯಬೇಕು.

ಒಂದನ್ನು ಹೇಳಲಿಲ್ಲ.

ಬೂಷ್ಟಿನ ನಡುಭಾಗ ನೋಡಲು ಬಲು ಚೆಂದ, ದಟ್ಟ, ಪುಷ್ಟ. ಆದರೆ ಅದು ಹಳತು. ಅಲ್ಲಿಂದ ಎತ್ತಿದರೆ ಕೆಲವು ಪೀಳಿಗೆಯಲ್ಲಿ ಬೂಷ್ಟು ಬಿಳಿ ಹತ್ತಿಯಾಗಿ ಉಬ್ಬುತ್ತದೆ, ಬೇಟೆಯಾಡುವುದನ್ನು ಮರೆಯುತ್ತದೆ, ಕೂತು ತಿನ್ನುವ ಜಮೀನ್ದಾರನಾಗುತ್ತದೆ. ಎತ್ತಬೇಕಾದದ್ದು ಕಣ್ಣಿಗೂ ಕಾಣದಷ್ಟು ತೆಳ್ಳಗಿರುವ ಅಂಚಿನಿಂದ, ಇದೀಗ ಹೊರಟ ಎಳೆಯ ದಾರದಿಂದ. ಇದು ಗುಬ್ಬಿ ಪಟ್ಟುಹಿಡಿದು ಕಲಿತ ಗುಟ್ಟು. ಹೇಳಬೇಕೆಂದು ಬಾಯಿ ತೆರೆದಳು. ವೇದಿಕೆ ನೆನಪಾಯಿತು, ಚಪ್ಪಾಳೆ ನೆನಪಾಯಿತು. ಬಾಯಿ ಮುಚ್ಚಿದಳು.

"ಇಷ್ಟೇನಾ ಮೇಡಂ?" ಎಂದಳು ಉದ್ದಜಡೆ.

"ಇಷ್ಟೇ," ಎಂದಳು ಗುಬ್ಬಿ.

ರಜೆಯಲ್ಲಿ ಅವಳಿಗೆ ನಿದ್ದೆ ಬರಲಿಲ್ಲವೆಂದರೆ ಎಲ್ಲರೂ ಮಗುವಿನ ಮೇಲೆ ತಪ್ಪು ಹೊರಿಸಿದರು. ಮಗು ಪಾಪ ಗೊರಕೆ ಹೊಡೆಯುತ್ತಿತ್ತು. ಹೇಳಿಬಿಡಲೇ ಎಂದು ಫೋನು ಕೈಗೆತ್ತಿಕೊಳ್ಳುವಳು. ಈಗ ಹೇಳಿದರೆ ಅಂದು ಮುಚ್ಚಿಟ್ಟದ್ದು ಬಯಲಾಗುತ್ತದಲ್ಲ ಎಂದು ಕೆಳಗಿಡುವಳು. ಮೊದಲಿಗಿದ್ದದ್ದು ಗುಟ್ಟು ಕದ್ದಾರೆಂಬ ಭಯ, ಈಗ ಗುಟ್ಟು ತಿಳಿದೀತೆಂಬ ಭಯ. ಭಯ ಎಂದೂ ಒಂಟಿಯಾಗಿ ಬರುವುದಿಲ್ಲ, ಸಂಸಾರ ಸಮೇತ ಬಂದು ಬಿಡಾರ ಹೂಡುತ್ತದೆ.

ಅವಳಿಲ್ಲದಾಗ ವಿಭಾಗದಲ್ಲಿ ಒಂದು ಯುದ್ಧವೂ ನಡೆದಿತ್ತು. ಸುತ್ತಿಗೆ ಮೇಡಂ ತಮ್ಮ ಪಕ್ಕದ ಕೋಣೆಯಿಂದ ಮುರಿದ ಕುರ್ಚಿಗಳನ್ನೆಲ್ಲ ಹೊರಗೆಸೆದು, ಒಳಗಿನಿಂದ ಚಿಲಕ ಹಾಕಿಸಿ, ಮಗುವಿಗೆ ಹಾಲು ಕುಡಿಸಲು ಜಾಗ ಮಾಡಿದರು. ವಿಭಾಗದ ಮುಖ್ಯಸ್ಥರು ನೋಡಲು ಬಂದರು. "ಹೀಗೊಂದು ಕೋಣೆ ಇಡಬಹುದು ಅಂತ ನಿಯಮದಲ್ಲಿ ಇದೆಯಾ ಮೇಡಂ?" ಎಂದು ಮೆತ್ತಗೆ ಕೇಳಿದರು.

"ಮುರಿದ ಕುರ್ಚಿಗೆ ಕೋಣೆ ಕೊಡಿ ಅಂತ ಯಾವ ನಿಯಮದಲ್ಲಿತ್ತು ಸಾರ್?"

ಮುಖ್ಯಸ್ಥರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಅನುಕೂಲವಿತ್ತು, ಬೈದುಕೊಂಡಾದರೂ ಇರಬಹುದಿತ್ತು. ಅವರು ಮಹಾ ಕನಿಕರದ ಮನುಷ್ಯ. "ಪಾಪ, ಹೆಣ್ಣುಮಗಳು, ಯಾಕೆ ಸುಮ್ಮನೆ ತೊಂದರೆ" ಎಂದು ಸಮ್ಮೇಳನಕ್ಕೆ ಬೇರೆಯವರನ್ನು ಕಳಿಸುವರು; "ಪಾಪ, ಅವಳಿಗೆ ಮನೆ ಇದೆ" ಎಂದು ಯೋಜನೆಯಿಂದ ಹೆಸರು ತೆಗೆಯುವರು. ಇದಕ್ಕೂ ಮುಂಚೆ ಆ ವಿಭಾಗದಲ್ಲಿ ಕನ್ನಡಕದ ಮೇಡಂ ಎಂಬೊಬ್ಬಳಿದ್ದಳು. ಮಗು ಸಣ್ಣದು ಪಾಪ ಎಂದು ಅವಳ ಕಾಯಮಾತಿಯನ್ನು ಒಂದು ವರ್ಷ ಮುಂದೂಡಿದರು. ಅತ್ತೆಗೆ ಹುಷಾರಿಲ್ಲ ಪಾಪ ಎಂದು ಇನ್ನೊಂದು ವರ್ಷ. ಮತ್ತೊಮ್ಮೆ ಮುಂದೂಡೋಣವೆಂದರೆ ಮುಂದೂಡಲು ಅವಳೇ ಕೆಲಸದಲ್ಲಿರಲಿಲ್ಲ.

ರಜೆ ಮುಗಿಸಿ ಗುಬ್ಬಿ ಬಂದ ದಿನ ಉದ್ದಜಡೆ ಬಾಗಿಲಲ್ಲೇ ಕಾದಿದ್ದಳು. ಕೈಯಲ್ಲಿ ಪ್ಲೇಟು, ಮುಖದಲ್ಲಿ ಹಬ್ಬ.

"ನೋಡಿ ಮೇಡಂ! ಪ್ರತಿ ಸಲ ಚೆನ್ನಾಗಿ ಬೆಳೆದ ಜಾಗದಿಂದಲೇ ಆರಿಸಿ ಆರಿಸಿ ಎತ್ತಿದೀನಿ. ಹೇಗೆ ಉಬ್ಬಿದೆ ನೋಡಿ, ದಿಂಬಿಗೆ ತುಂಬಿಸಬಹುದು!"

ಪ್ಲೇಟಿನ ತುಂಬ ಬೆಳ್ಳಗೆ, ಮೃದುವಾಗಿ, ಮುಗಿಲಿನ ಹಾಗೆ ಬೆಳೆದಿತ್ತು. ಬೇಟೆಯಾಡುವ ಬೂಷ್ಟಿನ ಗುರುತಾದ ಕಡುಹಸಿರು ಪುಡಿಯ ಉಂಗುರ ಇರಬೇಕಾದ ಕಡೆ ಏನೂ ಇರಲಿಲ್ಲ. ಬಾಗಿಲಿನಿಂದಲೇ ಕಾಣುತ್ತಿದ್ದ ಉಳಿದ ಪ್ಲೇಟುಗಳಲ್ಲೂ ಇರಲಿಲ್ಲ. ಗುಬ್ಬಿ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದಳು. "ತುಂಬ ಚೆನ್ನಾಗಿದೆ," ಎಂದು ಹೇಳಿ ಒಳಗೆ ಹೋಗಿ, ಕೊಳೆಸುವ ಬೂಷ್ಟಿನ ಎದುರಿಗೆ ಇದನ್ನು ಬಿಟ್ಟಳು. ದಿನ ಬಿಟ್ಟು ನೋಡಿದರೆ ದುಷ್ಟ ಬೂಷ್ಟು ಇದರ ಮೈಮೇಲೇ ಹತ್ತಿ ಕೂತಿತ್ತು. ಹುಲಿ ಎಂದು ಸಾಕಿದ್ದು ಹಸು ಆಗಿತ್ತು. ಅದೂ ಹಾಲು ಕೊಡದ ಹಸು.

ಅಂದೇ ಮುಖ್ಯಸ್ಥರು ಕರೆದರು. ಸಮಿತಿ ಮುಂದಿನ ತಿಂಗಳ ಕೊನೆಗೆ ಸೇರುತ್ತದೆಂದರು. "ನೀನೇನೂ ಹೆದರಬೇಡಮ್ಮ. ಮಗು ಸಣ್ಣದು. ಒಂದು ವರ್ಷ ಮುಂದೂಡಿ ಅಂತ ನಾನೇ ಸಮಿತಿಗೆ ಹೇಳ್ತೀನಿ. ಆರಾಮಾಗಿರು."

ಹೆದರಬೇಡ ಎಂಬ ಮಾತು ಕೇಳಿದೊಡನೆ ಗುಬ್ಬಿಯ ಕಾಲುಗಳು ತಣ್ಣಗಾದವು. ಕನ್ನಡಕದ ಮೇಡಂ ಖಾಲಿ ಮಾಡಿಹೋದ ಮೇಜು ಕಣ್ಣೆದುರಿಗೇ ಇತ್ತು. ಈಗ ಅದರ ಮೇಲೆ ಮುಖ್ಯಸ್ಥರ ಛತ್ರಿ ಮಲಗುತ್ತಿತ್ತು. "ಸರಿ ಸಾರ್" ಎಂಬ ಮಾತು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಹೇಳಿದ್ದರೆ ಬೂಷ್ಟು ಕೆಟ್ಟದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಅದೇ ಹೊತ್ತಿಗೆ ಹಾಲಿನ ಕೋಣೆಯಲ್ಲಿ ಮಲಗಿಸಿ ಬಂದಿದ್ದ ಮಗು ಅತ್ತಿತು. "ಬಂದೆ ಸಾರ್," ಎಂದು ಓಡಿದಳು. ಚಿಲಕ ಹಾಕಿಕೊಂಡು, ಮಗುವಿಗೆ ಹಾಲೂಡುತ್ತ, ಸದ್ದಿಲ್ಲದೆ ಅತ್ತಳು. ಸದ್ದಿಲ್ಲದೆ ಅಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ; ಆದರೂ ನಡುಗೋಡೆ ತೆಳ್ಳಗಿತ್ತು.

"ಬಾಗಿಲು ತೆಗಿ," ಎಂದರು ಸುತ್ತಿಗೆ ಮೇಡಂ.

ಒಳಗೆ ಬಂದು ನಿಂತರು. ಗುಬ್ಬಿ ಹೇಳಿದಳು. ಅಂಚಿನ ಗುಟ್ಟು, ಬಚ್ಚಿಟ್ಟದ್ದು, ಯಾಕೆ ಬಚ್ಚಿಟ್ಟದ್ದು, ಬಿಳಿ ಹತ್ತಿ, ಮುಂದೂಡಿಕೆ, ಎಲ್ಲವನ್ನೂ ಉಸಿರು ತೆಗೆದುಕೊಳ್ಳದೆ ಹೇಳಿದಳು. ಹೇಳಿ, ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡಳು.

ಏಟು ಬಿತ್ತು. "ಆ ಹುಡುಗಿ ತನ್ನ ಕೆಲಸ ಬಿಟ್ಟು ನಿನ್ನದನ್ನ ಸಾಕಿದ್ಲು. ಅವಳನ್ನ ಕಳ್ಳಿ ಅಂದ್ಕೊಂಡ್ಯಲ್ಲ."

"ಹೌದು ಮೇಡಂ."

"ನನ್ನನ್ನೂ."

ಗುಬ್ಬಿ ಮಗುವನ್ನು ಹೆಗಲಿಗೆ ಹಾಕಿಕೊಂಡಳು. ಸುತ್ತಿಗೆ ಮೇಡಂ ಕಿಟಕಿಯ ಕಡೆ ತಿರುಗಿದರು. "ನಿನ್ನ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆನೋ ಏನೋ. ಅದಕ್ಕೇ ಇನ್ನೂ ಸಿಟ್ಟು ಬರ್ತಿದೆ. ಇರಲಿ. ಸೋಮಾರಿಯಾದ ಬೂಷ್ಟನ್ನ ತಿರುಗಿ ಎಬ್ಬಿಸೋದು ಹೇಗೆ?"

"ಅದರ ಹಳೇ ಬೇಟೆಯ ಜೊತೆ ಮಣ್ಣಲ್ಲಿ ಬಿಡಬೇಕು ಮೇಡಂ. ಹಸಿವಾದ್ರೆ ಕೆಲವು ಎದ್ದರೂ ಎದ್ದಾವು. ಎದ್ದದ್ದನ್ನ ಹುಡುಕಿ, ಅಂಚಿಂದ ಎತ್ತಿ, ತಿರುಗಿ ಬಿಡಬೇಕು. ಆಗದೇ ಇರಲೂಬಹುದು."

"ಮೊದಲು ಹೋಗಿ ಅವಳಿಗೆ ಹೇಳು."

ಉದ್ದಜಡೆಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಹುಡುಗಿ ಪೂರ್ತಿ ಕೇಳಿದಳು. ತಾನು ಹೆಮ್ಮೆಯಿಂದ ಹಿಡಿದು ತೋರಿಸಿದ ಪ್ಲೇಟನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಅವತ್ತಿಡೀ ತಿರುಗಿ ಬರಲಿಲ್ಲ. ಬೂಷ್ಟಿನ ಜೊತೆಗೆ ಮನುಷ್ಯರನ್ನೂ ಕಳೆದುಕೊಂಡೆನೆಂದು ಗುಬ್ಬಿ ಮನೆಗೆ ಹೋಗಿ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಗಾಜಿನಮನೆಗೆ ಹೋದರೆ ಉದ್ದಜಡೆ ಆಗಲೇ ಕುಂಡಗಳಿಗೆ ಮಣ್ಣು ತುಂಬುತ್ತಿದ್ದಳು.

"ನಿಮ್ಮ ಮೇಲೆ ಸಿಟ್ಟಿದೆ," ಎಂದಳು, ತಲೆಯೆತ್ತದೆ.

"ಇರಲಿ."

"ಅಂಚು ಅಂದ್ರೆ ಎಲ್ಲಿ ಅಂತ ಸರಿಯಾಗಿ ತೋರಿಸಿ. ಈ ಸಲ ಏನನ್ನೂ ನುಂಗಬೇಡಿ."

ಮುಂದಿನ ವಾರಗಳು ಉಸಿರು ಬಿಗಿಹಿಡಿದ ವಾರಗಳು. ಸುತ್ತಿಗೆ ಮೇಡಂ ಸಂಜೆಯ ಸಭೆಗಳನ್ನೆಲ್ಲ ಮಧ್ಯಾಹ್ನಕ್ಕೆ ಎಳೆದು ತಂದರು. ಗುಬ್ಬಿಯ ಪಾಠಗಳಲ್ಲಿ ಕೆಲವನ್ನು ತಾವೇ ತೆಗೆದುಕೊಂಡು ವಿದ್ಯಾರ್ಥಿಗಳನ್ನು ನಡುಗಿಸಿದರು. ಗಂಡ ಬೆಳಿಗ್ಗೆ ಮಗುವನ್ನು ನೋಡಿಕೊಂಡು ಅಂಗಡಿಯ ಬಾಗಿಲನ್ನು ತಡವಾಗಿ ತೆರೆಯತೊಡಗಿದ. "ಗಿರಾಕಿಗಳಿಗೂ ಕೊಂಚ ಆರೋಗ್ಯವಾಗಿರೋ ಅಭ್ಯಾಸ ಆಗಲಿ," ಎಂದ. ಅತ್ತೆ ಮಗುವನ್ನೆತ್ತಿಕೊಂಡು ಗಾಜಿನಮನೆಗೇ ಬಂದರು. ಒಂದೊಂದು ಕುಂಡಕ್ಕೂ ಬಗ್ಗಿ, "ಇದೇನಾ ನಮ್ಮನೆ ನಿದ್ದೆ ಕೆಡಿಸಿದ ಮಹಾರಾಯ?" ಎಂದು ವಿಚಾರಿಸಿದರು.

ಎರಡೂ ಬೂಷ್ಟನ್ನು ಬಿಟ್ಟ ಕುಂಡಗಳಲ್ಲಿ ಸಸಿಗಳು ಒಂದೊಂದಾಗಿ ಬಾಗಿದವು, ಮಲಗಿದವು. ಪ್ರತಿದಿನ ಬೆಳಿಗ್ಗೆ ಗಾಜಿನಮನೆಯ ಬಾಗಿಲು ತೆರೆಯುವ ಮುನ್ನ ಗುಬ್ಬಿ ಕಣ್ಣು ಮುಚ್ಚಿಕೊಳ್ಳುವಳು. ತೆರೆದರೆ ಇನ್ನಷ್ಟು ಬಿದ್ದಿರುವವು. ಬಹುತೇಕ ಎಲ್ಲವೂ ಹೋದ ಮೇಲೆ, ಮೂಲೆಯ ಒಂದು ಕುಂಡದಲ್ಲಿ ಒಂದು ಸಸಿ ನೆಟ್ಟಗೆ ನಿಂತಿರುವುದು ಉದ್ದಜಡೆಯ ಕಣ್ಣಿಗೆ ಬಿತ್ತು. ಅದರ ಬೇರಿನ ಬುಡದಲ್ಲಿ ಹಸಿರು ಪುಡಿಯ ಸಣ್ಣ ಚುಕ್ಕೆ. ಇಬ್ಬರೂ ಕೂಗಲಿಲ್ಲ, ಕುಣಿಯಲಿಲ್ಲ. ಉಸಿರು ಬಿಟ್ಟರೆ ಎಲ್ಲಿ ಹಾರಿಹೋಗುವುದೋ ಎಂದು ಮೂಗು ಹಿಡಿದುಕೊಂಡು ಕೂತರು.

ಇನ್ನುಳಿದದ್ದು ಸಮಿತಿ. ಸುತ್ತಿಗೆ ಮೇಡಂ ತಮ್ಮ ಕೋಣೆಯಲ್ಲಿ ಗುಬ್ಬಿಯನ್ನು ನಿಲ್ಲಿಸಿ, ಉದ್ದಜಡೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಸಮಿತಿಯವರು ಕೇಳಬಹುದಾದ ಕೆಟ್ಟ ಪ್ರಶ್ನೆಗಳನ್ನೆಲ್ಲ ಅದಕ್ಕಿಂತ ಕೆಟ್ಟದಾಗಿ ಕೇಳಿದರು. ಗುಬ್ಬಿ ಮೊದಲ ದಿನ ಅತ್ತಳು. ಎರಡನೆಯ ದಿನ ತೊದಲಿದಳು. ಮೂರನೆಯ ದಿನ ತಿರುಗಿ ಒಂದು ಪ್ರಶ್ನೆ ಕೇಳಿ, ತಾನೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು.

"ಕೆಟ್ಟುಹೋದದ್ದನ್ನ ಅವರಿಗೆ ಹೇಳಲಾ ಮೇಡಂ?"

"ಅದನ್ನ ನಾನು ಹೇಳಿಕೊಡಲ್ಲ. ಅಲ್ಲಿ ನಿಲ್ಲೋಳು ನೀನು. ನಾನು ಸಮಿತಿಯಲ್ಲೂ ಇಲ್ಲ, ಬಾಗಿಲ ಹೊರಗೆ ಇರ್ತೀನಿ."

ಆ ದಿನ ಬಂತು. ಉದ್ದನೆಯ ಮೇಜು, ಅದರ ಆಚೆ ಹೊರಗಿನಿಂದ ಬಂದ ಅಧ್ಯಕ್ಷರು, ಪಕ್ಕದಲ್ಲಿ ಇಬ್ಬರು, ಅಂಚಿನಲ್ಲಿ ಮುಖ್ಯಸ್ಥರು. ಈಚೆ ಗುಬ್ಬಿ, ಅವಳ ಮುಂದೆ ಎರಡು ಪ್ಲೇಟು: ಕೆಟ್ಟ ಬಿಳಿಯದೊಂದು, ಆ ಹಸಿರು ಚುಕ್ಕೆಯ ಅಂಚಿನಿಂದ ಎತ್ತಿ ಬೆಳೆಸಿದ್ದೊಂದು.

"ಇದು ಚೆನ್ನಾಗಿ ಬೆಳೆದಿದೆಯಲ್ಲಮ್ಮ," ಎಂದು ಮುಖ್ಯಸ್ಥರು ಸಹಾಯ ಮಾಡಲು ಬಿಳಿ ಹತ್ತಿಯ ಪ್ಲೇಟನ್ನೇ ಎತ್ತಿ ಅಧ್ಯಕ್ಷರ ಕಡೆ ಸರಿಸಿದರು.

"ಅದು ಸೋಮಾರಿ ಸಾರ್," ಎಂದಳು ಗುಬ್ಬಿ. ಯಾರೋ ನಕ್ಕರು. ಮುಖ್ಯಸ್ಥರಿಗೇ ಅಂದೆ ಎಂದುಕೊಂಡಾರೇನೋ!

ಅಧ್ಯಕ್ಷರು ನಗಲಿಲ್ಲ. "ನೀವು ರಜೆಯಲ್ಲಿದ್ದಾಗ ಇದನ್ನ ಯಾರು ನೋಡಿಕೊಂಡ್ರು?"

ಗುಬ್ಬಿ ಬಾಗಿಲ ಕಡೆ ನೋಡಿದಳು. ಮುಚ್ಚಿತ್ತು. ಮತ್ತೆ ಎಲ್ಲವನ್ನೂ ಹೇಳಿದಳು: ಯಾರು ಸಾಕಿದರು, ತಾನೇನು ಬಚ್ಚಿಟ್ಟೆ, ಹೇಗೆ ಕೆಟ್ಟಿತು, ಯಾರು ಯಾರು ಸೇರಿ ಎಬ್ಬಿಸಿದರು. ಹೇಳುತ್ತ ಹೇಳುತ್ತ, ತನ್ನ ಕೊರಳಿಗೆ ತಾನೇ ಹಗ್ಗ ಹೊಸೆಯುತ್ತಿದ್ದೇನೆ ಎನ್ನಿಸಿತು.

ಅಧ್ಯಕ್ಷರು ಕುರ್ಚಿಗೆ ಒರಗಿದರು. "ಅಂದ್ರೆ ನೀವಿಲ್ಲದೇ ಇದ್ರೆ ಕೆಲಸ ಹಾಳಾಗುತ್ತೆ ಅಂತ ಆಯ್ತು. ಮುಖ್ಯಸ್ಥರು ಅದಕ್ಕೇ ಒಂದು ವರ್ಷ ಮುಂದೂಡೋಣ ಅಂತಿದಾರೆ. ಮಗು ಸಣ್ಣದಂತೆ. ನಿಮಗೂ ಅನುಕೂಲ. ಆಗಬಹುದಾ?"

"ಬೇಡ ಸಾರ್."

"ಏನು? ಸ್ವಲ್ಪ ಜೋರಾಗಿ ಹೇಳಿ."

"ಬೇಡ." ದನಿ ಒಡೆಯಿತು, ಆದರೆ ಹೊರಟುಬಿಟ್ಟಿತ್ತು, ಹಿಂದಕ್ಕೆ ಕರೆಯುವಂತಿರಲಿಲ್ಲ. "ನಾನು ಇಲ್ಲದೇ ಇದ್ದದ್ದಕ್ಕೆ ಹಾಳಾಗ್ಲಿಲ್ಲ ಸಾರ್. ನಾನು ಹೇಳದೇ ಇದ್ದದ್ದಕ್ಕೆ ಹಾಳಾಯ್ತು. ಹೇಳಿದ ಮೇಲೆ ಮೂರು ಜನಕ್ಕೆ ಗೊತ್ತಿದೆ. ನಾಳೆ ನಾನು ಬರದೇ ಇದ್ರೂ ಬದುಕುತ್ತೆ. ಮಗು ಸಣ್ಣದು ನಿಜ. ಅದಕ್ಕೆ ಕೋಣೆ ಇದೆ, ಅಜ್ಜಿ ಇದಾರೆ, ಅಪ್ಪ ಇದಾರೆ. ಮುಂದೂಡಿದ್ರೆ ಅದು ಬೇಗ ದೊಡ್ಡದಾಗಲ್ಲ. ನಾನು ಮಾತ್ರ ಹೋಗ್ಬಿಡ್ತೀನಿ."

ಮುಖ್ಯಸ್ಥರ ಮುಖದಲ್ಲಿ ನಿಜವಾದ ನೋವಿತ್ತು. ಕೊಟ್ಟ ಉಡುಗೊರೆಯನ್ನು ತಿರುಗಿ ಕೈಗಿಟ್ಟಂತೆ. "ಹೊರಗಿರಿ," ಎಂದರು ಅಧ್ಯಕ್ಷರು.

ಕಾರಿಡಾರಿನ ಬೆಂಚಿನಲ್ಲಿ ಅವಳು ಸುತ್ತಿಗೆ ಮೇಡಂ ಪಕ್ಕ ಕೂತಳು. ಒಳಗೆ ಮಾತು ಏರುತ್ತಿತ್ತು, ಇಳಿಯುತ್ತಿತ್ತು. "ಎಲ್ಲಾ ಹೇಳ್ಬಿಟ್ಟೆ ಮೇಡಂ," ಎಂದಳು. "ಕೇಳಿಸ್ತು," ಎಂದರು ಅವರು. "ಇಡೀ ಕಾರಿಡಾರಿಗೆ ಕೇಳಿಸ್ತು." ಬೈಗುಳವೋ ಹೊಗಳಿಕೆಯೋ ತಿಳಿಯದೆ ಗುಬ್ಬಿ ಎರಡಕ್ಕೂ ಹೆದರಿಕೊಂಡಳು.

ಬಾಗಿಲು ತೆರೆಯಿತು. ಅಧ್ಯಕ್ಷರು ತಾವೇ ಹೊರಗೆ ಬಂದರು. "ಕಾಯಂ ಮಾಡಿದೀವಿ. ಒಬ್ಬರು ಒಪ್ಪಲಿಲ್ಲ, ಉಳಿದವರು ಒಪ್ಪಿದ್ವಿ."

ಒಪ್ಪದವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಅವರು ಹಿಂದೆಯೇ ಬಂದು, "ಪಾಪ, ನಿನ್ನ ಒಳ್ಳೇದಕ್ಕೇ ಹೇಳಿದ್ದೆ," ಎಂದು ಹೋದರು. ನಾಳೆಯಿಂದ ದಿನವೂ ಆ ಮುಖ ನೋಡಬೇಕು. ಗುಬ್ಬಿಗೆ ಸಂತೋಷಕ್ಕಿಂತ ಮೊದಲು ಆ ಭಯ ಹುಟ್ಟಿತು.

"ಸಾರ್," ಎಂದು ಅಧ್ಯಕ್ಷರ ಹಿಂದೆ ಹೆಜ್ಜೆ ಹಾಕಿದಳು. "ಇದು ಬರವಣಿಗೆಯಲ್ಲಿ ಬರುತ್ತಲ್ವಾ?"

ಸುತ್ತಿಗೆ ಮೇಡಂ ನಕ್ಕರು. ಅವರಿಗೆ ನಗಲು ಬರುತ್ತದೆಂಬುದು ಆ ಕಟ್ಟಡಕ್ಕೆ ಅಂದೇ ಗೊತ್ತಾದದ್ದು.

ಅವತ್ತು ಬೂಷ್ಟು ದಾಟಿಸುವ ದಿನ. ಉದ್ದಜಡೆ ಕೈ ಒರೆಸಿಕೊಳ್ಳುತ್ತ ಎದುರಿಗೆ ಬಂದಳು. "ನೀವು ಮನೆಗೆ ಹೊರಡಿ ಮೇಡಂ, ದಾಟಿಸಿ ಆಯ್ತು."

"ಅಂಚಿಂದ ತಾನೆ?"

"ಅಂಚಿಂದ."

ಒಂದು ಸಲ ನೋಡಿಬರಲೇ ಎಂದು ಗುಬ್ಬಿ ಪ್ರಯೋಗಾಲಯದ ಕಡೆ ತಿರುಗಿದಳು. ನಡುವಿನಿಂದ ಎತ್ತಿದ್ದರೆ? ಸೂಜಿ ಆರಿರದಿದ್ದರೆ? ಎದೆ ಡವಗುಟ್ಟತೊಡಗಿತು. ಹುಡುಗಿ ಅವಳನ್ನೇ ನೋಡುತ್ತಿದ್ದಳು. ಗುಬ್ಬಿ ನಿಂತಳು, ಹಾಲಿನ ಕೋಣೆಗೆ ಹೋಗಿ ಮಗುವನ್ನು ಎತ್ತಿಕೊಂಡಳು, ಡವಗುಟ್ಟುವ ಎದೆಯನ್ನು ಹಾಗೇ ಹೊತ್ತುಕೊಂಡು ಪ್ರಯೋಗಾಲಯದ ಬಾಗಿಲ ಮುಂದೆ ಹಾದು, ಒಳಗೆ ಇಣುಕದೆ, ಮೆಟ್ಟಿಲಿಳಿದಳು.